ನಟಾಲಿಜುಮಾಬ್: ಪ್ರಬಲ ಔಷಧ, ಆದರೆ ಎಲ್ಲರಿಗೂ ಅಲ್ಲ

ಟೈಸಾಬ್ರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ನಟಾಲಿಜುಮಾಬ್, ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳಿಗೆ ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ ಪ್ರಮಾಣದಲ್ಲಿ ಡ್ರಿಪ್ ಮೂಲಕ ಕೊಡುವ ಔಷಧ. ಪರಿಣಾಮ, ಅಡ್ಡಪರಿಣಾಮಗಳ ಪಟ್ಟಿ ಕೊಟ್ಟು ಇದರ ವಿಮರ್ಶೆಯನ್ನು ಮುಗಿಸಲು ಬರುವುದಿಲ್ಲ. ಇದರ ಗುಣವೂ ಅಪಾಯವೂ ಹುಟ್ಟುವುದು ಒಂದೇ ಕ್ರಿಯೆಯಿಂದ. ಆ ಕ್ರಿಯೆ ಅರ್ಥವಾಗಬೇಕಾದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರವಿಜ್ಞಾನಿ ಲಾರೆನ್ಸ್ ಸ್ಟೈನ್‌ಮನ್ ಅವರ ಸಂಶೋಧನೆಯನ್ನು ನೋಡಬೇಕು.

ರಕ್ತದಲ್ಲಿ ಓಡಾಡುವ ರೋಗನಿರೋಧಕ ಕೋಶಗಳು ಮಿದುಳಿನೊಳಗೆ ನುಗ್ಗಿ, ನರತಂತುಗಳ ಮಯಲಿನ್ ಹೊದಿಕೆಯನ್ನು ಹಾಳುಮಾಡುವುದೇ ಈ ಕಾಯಿಲೆಯ ತಿರುಳು. ಅವು ರಕ್ತನಾಳದ ಗೋಡೆಯನ್ನು ದಾಟುವುದು ಹೇಗೆ? ಅಥೀನಾ ನ್ಯೂರೋಸೈನ್ಸಸ್ ಸಂಸ್ಥೆಯ ಟೆಡ್ ಯೆಡ್ನಾಕ್, ಸ್ಟೈನ್‌ಮನ್ ಮತ್ತು ಸಂಗಡಿಗರು ಉರಿಯೂತವಿದ್ದ ಮಿದುಳಿನ ತೆಳು ಸೀಳುಗಳ ಮೇಲೆ ಬಿಳಿರಕ್ತಕಣಗಳನ್ನು ಹರಡಿ, ಅವು ರಕ್ತನಾಳಗಳಿಗೆ ಅಂಟದಂತೆ ತಡೆಯುವ ಪ್ರತಿಕಾಯ ಯಾವುದೆಂದು ಹುಡುಕಿದರು. ಕೋಶದ ಮೇಲ್ಮೈಯಲ್ಲಿರುವ ಆಲ್ಫಾ-4 ಬೀಟಾ-1 ಇಂಟಿಗ್ರಿನ್ ಎಂಬ ಅಣುವನ್ನು ಮುಚ್ಚಿದಾಗ ಅಂಟುವಿಕೆ ನಿಂತಿತು. ಇಂಥದೇ ರೋಗ ಬರಿಸಿದ್ದ ಇಲಿಗಳಲ್ಲಿ ಪಾರ್ಶ್ವವಾಯುವೂ ತಪ್ಪಿತು. 1992ರಲ್ಲಿ ಪ್ರಕಟವಾದ ಈ ಪ್ರಯೋಗದ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ: ಕೋಶಗಳನ್ನು ಕೊಲ್ಲದೆ, ಅವುಗಳ ಪ್ರವೇಶಕ್ಕಷ್ಟೇ ತಡೆ ಒಡ್ಡುವ ಆಲೋಚನೆ ಅದು.

ನಟಾಲಿಜುಮಾಬ್ ಇದೇ ಅಣುವನ್ನು ಮುಚ್ಚುವ ಪ್ರತಿಕಾಯ. ಮನುಷ್ಯರ ಮೇಲಿನ ಫಲಿತಾಂಶ ಈ ಆಲೋಚನೆಯನ್ನು ಎತ್ತಿಹಿಡಿಯಿತು. 942 ರೋಗಿಗಳು ಪಾಲ್ಗೊಂಡ ಅಫರ್ಮ್ ಪ್ರಯೋಗದಲ್ಲಿ, ಔಷಧವಿಲ್ಲದ ಡ್ರಿಪ್ ಪಡೆದವರಿಗೆ ಹೋಲಿಸಿದರೆ, ಒಂದು ವರ್ಷದಲ್ಲಿ ರೋಗ ಮರುಕಳಿಸುವ ಪ್ರಮಾಣ ಶೇ. 68ರಷ್ಟು ಇಳಿಯಿತು; ಎರಡು ವರ್ಷಗಳಲ್ಲಿ ಅಂಗವೈಕಲ್ಯ ಹೆಚ್ಚುವ ಅಪಾಯ ಶೇ. 42ರಷ್ಟು ಕಡಿಮೆಯಾಯಿತು. ಆಗ ಬಳಕೆಯಲ್ಲಿದ್ದ ಇಂಟರ್‌ಫೆರಾನ್ ಚುಚ್ಚುಮದ್ದುಗಳ ಮುಂದೆ ಇದು ದೊಡ್ಡ ಜಿಗಿತ.

ಆದರೆ 2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಔಷಧವನ್ನು 2005ರ ಫೆಬ್ರುವರಿಯಲ್ಲೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಪ್ರಯೋಗಗಳಲ್ಲಿ ಔಷಧ ಪಡೆದಿದ್ದ ಮೂವರಲ್ಲಿ ಪಿಎಂಎಲ್ ಎಂಬ ಮಾರಕ ಮಿದುಳು ಸೋಂಕು ಪತ್ತೆಯಾಗಿ, ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಈ ಸೋಂಕಿಗೆ ಕಾರಣವಾದ ಜೆಸಿ ವೈರಾಣು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಸದ್ದಿಲ್ಲದೆ ಇರುತ್ತದೆ. ಮಿದುಳಿನ ಕಾವಲಿಗೆ ಹೋಗಬೇಕಾದ ಕೋಶಗಳನ್ನೂ ಔಷಧ ಹೊರಗೇ ನಿಲ್ಲಿಸಿದಾಗ ಆ ವೈರಾಣುವಿಗೆ ಎದುರಾಳಿಯೇ ಇಲ್ಲದಂತಾಗುತ್ತದೆ. ಹಾಗಾಗಿ ಇದನ್ನು ಆಕಸ್ಮಿಕ ಅಡ್ಡಪರಿಣಾಮ ಎನ್ನಲು ನನಗೆ ಮನಸ್ಸಿಲ್ಲ. ಔಷಧ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದರ ಇನ್ನೊಂದು ಮುಖವಿದು.

ಕಟ್ಟುನಿಟ್ಟಿನ ನಿಗಾ ವ್ಯವಸ್ಥೆಯೊಂದಿಗೆ 2006ರಲ್ಲಿ ಅದು ಮರಳಿ ಬಂದಿತು. ಹೀಗಾಗಿ ಇಂದು ರೋಗಿ ಕೊಳ್ಳುತ್ತಿರುವುದು ಬರಿಯ ಶೀಶೆಯನ್ನಲ್ಲ, ಅದರ ಜೊತೆಗಿರುವ ರಕ್ತಪರೀಕ್ಷೆ ಮತ್ತು ಎಂಆರ್‌ಐ ತಪಾಸಣೆಗಳನ್ನೂ. ಜೆಸಿ ವೈರಾಣುವಿನ ವಿರುದ್ಧ ಪ್ರತಿಕಾಯ (ಅಂದರೆ ಆ ವೈರಾಣು ದೇಹ ಹೊಕ್ಕಿರುವುದರ ಗುರುತು) ಇಲ್ಲದವರಲ್ಲಿ ಪಿಎಂಎಲ್ ಅಪಾಯ ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಪ್ರತಿಕಾಯವಿದ್ದು, ಹಿಂದೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಪಡೆದು, ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದನ್ನು ಬಳಸಿದವರಲ್ಲಿ ಅದು ಸಾವಿರಕ್ಕೆ ಹನ್ನೊಂದರಷ್ಟಿತ್ತೆಂದು 2012ರ ವಿಶ್ಲೇಷಣೆ ಹೇಳುತ್ತದೆ. ಒಂದೇ ಔಷಧಕ್ಕೆ ಇಷ್ಟು ಅಂತರದ ಎರಡು ಅಂಕಿಗಳಿರುವಾಗ ಸರಾಸರಿ ಅಪಾಯದ ಮಾತಿಗೆ ಅರ್ಥವಿಲ್ಲ. ಇನ್ನೊಂದು ಕೊರತೆಯೂ ಇದೆ: ಔಷಧವನ್ನು ಏಕಾಏಕಿ ನಿಲ್ಲಿಸಿದರೆ, ತಡೆಹಿಡಿದಿದ್ದ ಕೋಶಗಳು ಮತ್ತೆ ಒಳನುಗ್ಗಿ ರೋಗ ತೀವ್ರವಾಗಿ ಮರುಕಳಿಸಬಹುದು. ಆರಂಭಿಸುವ ಮುನ್ನವೇ ನಿಲ್ಲಿಸುವ ದಾರಿಯನ್ನೂ ವೈದ್ಯರೊಂದಿಗೆ ಚರ್ಚಿಸಬೇಕು.

ಸ್ಟೈನ್‌ಮನ್ ಈ ಒಂದು ಯಶಸ್ಸಿಗೆ ನಿಂತವರಲ್ಲ. ಕೋಶಗಳು ಒಳಗೆ ಹೇಗೆ ಬರುತ್ತವೆ ಎಂಬುದರ ಜೊತೆಗೆ, ಅವು ಯಾವುದನ್ನು ಹುಡುಕಿಕೊಂಡು ಬರುತ್ತವೆ ಎಂಬ ಪ್ರಶ್ನೆಯನ್ನೂ ಅವರು ಬೆನ್ನಟ್ಟಿದರು. ಎಪ್‌ಸ್ಟೀನ್-ಬಾರ್ ವೈರಾಣುವಿನ ಒಂದು ಪ್ರೋಟೀನನ್ನು ಗುರುತಿಸುವ ಪ್ರತಿಕಾಯ, ಮಿದುಳಿನದೇ ಗ್ಲಿಯಲ್‌ಕ್ಯಾಮ್ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ ಎಂದು 2022ರಲ್ಲಿ ತೋರಿಸಿದ ತಂಡದಲ್ಲಿ ಅವರಿದ್ದರು. ನಟಾಲಿಜುಮಾಬ್ ಈ ಎರಡನೆಯ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದಲೇ ಅದು ರೋಗವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

ಪದೇ ಪದೇ ಮರುಕಳಿಸುವ, ಚುರುಕಾದ ರೋಗವಿದ್ದು ಜೆಸಿ ಪ್ರತಿಕಾಯವಿಲ್ಲದವರಿಗೆ ಇದನ್ನು ನಾನು ಮೊದಲ ಸಾಲಿನಲ್ಲೇ ಇಡುತ್ತೇನೆ. ಆರು ತಿಂಗಳಿಗೊಮ್ಮೆ ಪ್ರತಿಕಾಯ ಪರೀಕ್ಷೆ ಮಾಡಿಸಲು ಸಿದ್ಧರಿರಬೇಕು ಎಂಬುದಷ್ಟೇ ಷರತ್ತು. ಪ್ರತಿಕಾಯ ಹೆಚ್ಚಿರುವವರಿಗೆ ಆಕ್ರೆಲಿಜುಮಾಬ್‌ನಂತಹ ಬೇರೆ ದಾರಿಗಳಿವೆ. 2023ರಲ್ಲಿ ಅಮೆರಿಕದಲ್ಲಿ ನಟಾಲಿಜುಮಾಬ್‌ನ ಮೊದಲ ಜೈವಿಕ ಸಮಾನ ಔಷಧಕ್ಕೆ (ಬಯೋಸಿಮಿಲರ್, ಅಂದರೆ ಮೂಲ ಔಷಧದಂತೆಯೇ ಕೆಲಸ ಮಾಡುವ, ಬೇರೆ ಕಂಪನಿಯ ಔಷಧ) ಅನುಮತಿ ದೊರೆತಿದ್ದು, ಬೆಲೆಯ ಲೆಕ್ಕ ಹಾಕುವವರು ಅದನ್ನೂ ವಿಚಾರಿಸಬಹುದು. ನಿಗಾದ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ.