ಹಾಲೆನ್‌ಬರ್ಗ್ ಸ್ಟೇಷನ್: ಕುದುರೆ ಟಪಾಲಿನ ಮನೆ

ನನ್ನ ಅಪ್ಪ ಮೂವತ್ತು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದವರು. ಅವರು ಅಮೆರಿಕದ ಕಾನ್ಸಾಸ್ ಸಿಟಿಗೆ, ನಮ್ಮ ಮನೆಗೆ ಬಂದಾಗ ಮೊದಲು ಕರೆದುಕೊಂಡು ಹೋಗಿದ್ದು ಇಲ್ಲಿಗೆ. ಕಾನ್ಸಾಸ್ ರಾಜ್ಯದ ಹ್ಯಾನೋವರ್ ಊರಿನ ಹತ್ತಿರ, ಕಾರಿನಲ್ಲಿ ಸುಮಾರು ಮೂರು ಗಂಟೆ ದಾರಿ.

ಹೊರಗಿನಿಂದ ನೋಡಿದರೆ ಉದ್ದನೆಯ ಮರದ ಮನೆ, ಅಷ್ಟೇ. ಜರ್ಮನಿಯಿಂದ ಬಂದ ಗೆರಾಟ್ ಹಾಲೆನ್‌ಬರ್ಗ್ 1850ರ ದಶಕದ ಕೊನೆಯಲ್ಲಿ ಕಟ್ಟಿಸಿದ್ದು. ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಟವರಿಗೆ ಊಟ, ಸಾಮಾನು ಇಲ್ಲೇ ಸಿಗುತ್ತಿತ್ತು. ಪ್ರಯಾಣಿಕರ ಕುದುರೆ ಗಾಡಿಗಳೂ (ಸ್ಟೇಜ್‌ಕೋಚ್) ಇಲ್ಲಿ ನಿಲ್ಲುತ್ತಿದ್ದವು. ಕಟ್ಟಡ ಕಟ್ಟಿದ ಜಾಗದಲ್ಲೇ ಇದೆ, ಅದೇ ನನಗೆ ಜಾಸ್ತಿ ಹಿಡಿಸಿದ್ದು.

ಅಟ್ಟ ಮಾತ್ರ ತಪ್ಪಿಸಬೇಡಿ. ಗೋಡೆಯಿಲ್ಲದ ಒಂದೇ ಉದ್ದ ಕೋಣೆ. ಪೋನಿ ಎಕ್ಸ್‌ಪ್ರೆಸ್ ಅಂದರೆ ಕುದುರೆ ಮೇಲೆ ಟಪಾಲು ಸಾಗಿಸುತ್ತಿದ್ದ ಸೇವೆ; ಅದರ ಸವಾರರು ಮಲಗುತ್ತಿದ್ದದ್ದು ಅಲ್ಲಿ. ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 1,900 ಮೈಲಿ, ಹತ್ತು ದಿನದಲ್ಲಿ ಕಾಗದ! ಜೀನಿನ ಮೇಲೆ ಮೊಚಿಲಾ ಅಂತ ಚರ್ಮದ ಹೊದಿಕೆ, ಅದಕ್ಕೆ ಕಾಗದ ಇಡಲು ನಾಲ್ಕು ಜೇಬು. ಕುದುರೆ ಬದಲಾಯಿಸುವಾಗ ಅದನ್ನು ಎತ್ತಿ ಹೊಸ ಜೀನಿನ ಮೇಲೆ ಹಾಕಿದರೆ ಆಯ್ತು. ಶುರುವಿನಲ್ಲಿ ಅರ್ಧ ಔನ್ಸ್ ತೂಕದ ಕಾಗದಕ್ಕೆ 5 ಡಾಲರ್. 1860ರ ಏಪ್ರಿಲ್‌ನಲ್ಲಿ ಶುರುವಾದ ಸೇವೆ, 1861ರ ಅಕ್ಟೋಬರ್‌ನಲ್ಲಿ ತಂತಿ (ಟೆಲಿಗ್ರಾಫ್) ಬಂದ ಕೂಡಲೇ ಮುಗಿಯಿತು. ಬರೀ ಹದಿನೆಂಟು ತಿಂಗಳು, ಅಲ್ವಾ?

ಅಪ್ಪ ಅಟ್ಟದಲ್ಲಿ ತುಂಬಾ ಹೊತ್ತು ಸುಮ್ನೆ ನಿಂತಿದ್ದರು. “ಮಳೆಯಲ್ಲಿ ಕಾಗದ ನೆನೆಯದ ಹಾಗೆ ಹೇಗೆ ನೋಡಿಕೊಂಡ್ರೋ” ಅಂದರು.

ಬುತ್ತಿ ಕಟ್ಟಿಕೊಂಡು ಹೋಗಿ. ತೆರೆದಿರುವ ದಿನ ಮೊದಲೇ ವಿಚಾರಿಸಿ. ನನ್ನ ಕಡೆಯಿಂದ ಐದಕ್ಕೆ ಐದು.