ಯೆಲ್ಲೋ ಲ್ಯಾಬ್ ಎಂದು ಮಾರುವ ಬೆರಕೆ ಮೀನುಮರಿಗಳ ಬಗ್ಗೆ ಎಚ್ಚರಿಕೆ

ಬೆಂಗಳೂರಿನಲ್ಲಿ ಆಫ್ರಿಕನ್ ಸಿಕ್ಲಿಡ್ ಎಂಬ ಅಕ್ವೇರಿಯಂ ಮೀನುಗಳನ್ನು ಸಾಕಲು ಹೊರಟಿರುವವರು, ಅದರಲ್ಲೂ ಅವುಗಳಲ್ಲಿ ಒಂದಾದ ಹಳದಿ ಬಣ್ಣದ ಯೆಲ್ಲೋ ಲ್ಯಾಬ್‌ನ ಮರಿಗಳನ್ನು ಹುಡುಕುತ್ತಿರುವವರು, ದುಡ್ಡು ಕೊಡುವ ಮುನ್ನ ಇದನ್ನು ದಯವಿಟ್ಟು ಓದಿ. ನಗರದ ದಕ್ಷಿಣ ಭಾಗದ ಅಂಗಡಿಯೊಂದರಲ್ಲಿ ಅಪ್ಪಟ ಯೆಲ್ಲೋ ಲ್ಯಾಬ್ ಎಂದು ಹೇಳಿ ನನಗೆ ಮಾರಿದ ಮರಿಗಳು ಬೆರಕೆಯವು. ಅಲ್ಲಿ ಗಾಢ ನೀಲಿ ದೀಪದ ಕೆಳಗೆ ಒಂದೇ ಸಮನೆ ಕಂಡಿದ್ದ ಮರಿಗಳು ಮನೆಯಲ್ಲಿ ಬೆಳೆಯುತ್ತಾ ಹೋದಂತೆ ಕೆಲವು ಕಿತ್ತಳೆಗೆ ತಿರುಗಿದವು. ಕೆಲವುಗಳ ಮೈಮೇಲೆ ಅಡ್ಡಪಟ್ಟೆಗಳು ಮೂಡಿದವು. ಬೆನ್ನಿನ ಈಜುರೆಕ್ಕೆಯ ಉದ್ದಕ್ಕೂ ಓಡಬೇಕಿದ್ದ ಕಪ್ಪು ಪಟ್ಟಿ ಮಸಿ ಒರೆಸಿದಂತೆ ಅಲ್ಲಲ್ಲಿ ತುಂಡಾಗಿಯೇ ಉಳಿಯಿತು.

ಕೇಳಲು ಹೋದಾಗ ಅಂಗಡಿಯವರು, "ಎಲ್ಲಾ ಆಫ್ರಿಕನ್ನೇ ಅಲ್ವಾ ಸಾರ್, ಬಣ್ಣ ಚೆನ್ನಾಗಿದೆಯಲ್ಲ, ಬಿಡಿ" ಎಂದರು. ಹಣ ವಾಪಸ್ ಕೊಡುವ ಮಾತು ಬರಲೇ ಇಲ್ಲ. ಒಳಗಿನ ದೊಡ್ಡ ಟ್ಯಾಂಕಿನಲ್ಲಿ ಯೆಲ್ಲೋ ಲ್ಯಾಬ್ ಮತ್ತು ರೆಡ್ ಝೀಬ್ರಾ ಎಂಬ ಇನ್ನೊಂದು ಜಾತಿಯ ಸಿಕ್ಲಿಡ್ ಒಟ್ಟಿಗಿದ್ದವು. ಈ ಮೀನುಗಳು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತವೆ; ಹಾಗೆ ಬಾಯಲ್ಲಿ ಮೊಟ್ಟೆ ಹಿಡಿದು ಗಂಟಲು ಉಬ್ಬಿದ್ದ ಒಂದು ಹಳದಿ ಹೆಣ್ಣು ಮೂಲೆಯ ಕಲ್ಲಿನ ಹಿಂದೆ ನಿಂತಿತ್ತು. ಮರಿಗಳು ಎಲ್ಲಿಂದ ಬರುತ್ತಿವೆ ಎಂದು ನಾನು ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ.

ಈ ಎರಡೂ ಆಫ್ರಿಕಾದ ಮಲಾವಿ ಸರೋವರದ ಮೀನುಗಳೇ. ಆದರೆ ಯೆಲ್ಲೋ ಲ್ಯಾಬ್, ಅಂದರೆ ಲ್ಯಾಬಿಡೋಕ್ರೋಮಿಸ್ ಸೆರೂಲಿಯಸ್ ಎಂಬ ಜಾತಿಯ ಹಳದಿ ರೂಪ, ಪಶ್ಚಿಮ ದಂಡೆಯ ಲಯನ್ಸ್ ಕೋವ್ ಸುತ್ತಲಿನದು. ರೆಡ್ ಝೀಬ್ರಾ ಪೂರ್ವ ದಂಡೆಯ ಮೊಜಾಂಬಿಕ್ ಬದಿಯದು. ನಡುವೆ ಇಡೀ ಸರೋವರದ ಆಳ ನೀರಿದೆ, ಬಂಡೆ ಬಿಟ್ಟು ದೂರ ಹೋಗದ ಈ ಮೀನುಗಳು ಅದನ್ನು ದಾಟುವುದಿಲ್ಲ. ವಿಕಾಸದ ಲೆಕ್ಕದಲ್ಲಿ ಇವು ಇತ್ತೀಚೆಗಷ್ಟೇ ಕವಲೊಡೆದ ಜಾತಿಗಳಾದ್ದರಿಂದ, ಕೂಡಿದರೆ ಹುಟ್ಟುವ ಮರಿಗಳು ಬದುಕುತ್ತವೆ ಮಾತ್ರವಲ್ಲ, ಮುಂದೆ ಮರಿಯನ್ನೂ ಮಾಡುತ್ತವೆ. ಅಪಾಯ ಇರುವುದೇ ಇಲ್ಲಿ. ಹೆಣ್ಣು ತನ್ನ ಜಾತಿಯ ಗಂಡನ್ನು ಗುರುತಿಸುವುದು ಬಹುಮಟ್ಟಿಗೆ ಬಣ್ಣದಿಂದ. ಆಫ್ರಿಕಾದ ಇನ್ನೊಂದು ಸಿಕ್ಲಿಡ್ ಸರೋವರವಾದ ವಿಕ್ಟೋರಿಯಾದ ನೀರು ಕದಡಿದಂತೆಲ್ಲ ಬಣ್ಣ ಕಾಣದೆ ಜಾತಿಗಳ ನಡುವಿನ ಗೆರೆ ಅಳಿಸಿಹೋಗುತ್ತಿದೆ ಎಂದು ಜೀವವಿಜ್ಞಾನಿ ಓಲೆ ಸೀಹೌಸನ್ ಮತ್ತು ಸಂಗಡಿಗರು 1997ರಲ್ಲೇ ತೋರಿಸಿದರು. ತನ್ನ ಜಾತಿಯ ಗಂಡೇ ಇಲ್ಲದ ಟ್ಯಾಂಕಿನಲ್ಲಿ ಹೆಣ್ಣಿಗೆ ಆಯ್ಕೆಯೇ ಇರುವುದಿಲ್ಲ.

ಅಂಗಡಿಯವರು ಟ್ಯಾಂಕಿಗೆ ಅಂಟಿಸಿದ ಹೆಸರಿನ ಚೀಟಿಯನ್ನು ನಂಬಬೇಡಿ. ರೆಡ್ ಝೀಬ್ರಾ ಒಂದನ್ನೇ ಸ್ಯೂಡೋಟ್ರೋಫಿಯಸ್, ಮೇಲ್ಯಾಂಡಿಯಾ, ಮೆಟ್ರಿಯಾಕ್ಲೈಮಾ ಎಂಬ ಮೂರು ವೈಜ್ಞಾನಿಕ ಕುಲನಾಮಗಳಲ್ಲಿ ಮಾರುತ್ತಾರೆ. 1984ರಲ್ಲಿ ಇಟ್ಟ ಮೇಲ್ಯಾಂಡಿಯಾ ಹೆಸರು ಸರಿಯೋ 1997ರಲ್ಲಿ ಇಟ್ಟ ಮೆಟ್ರಿಯಾಕ್ಲೈಮಾ ಸರಿಯೋ ಎಂಬ ತಕರಾರು ವರ್ಗೀಕರಣ ತಜ್ಞರಲ್ಲೇ ಇರುವುದರಿಂದ ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ಆದರೆ ‘ಮಲಾವಿ ಮಿಕ್ಸ್’, ‘ಅಸಾರ್ಟೆಡ್ ಆಫ್ರಿಕನ್’ ಎಂದಷ್ಟೇ ಬರೆದಿದ್ದರೆ ಅದರಿಂದ ತಳಿ ಮಾಡುವ ಯೋಚನೆಯನ್ನೇ ಬಿಡಿ.

ಬಿಳಿ ದೀಪ ಹಾಕಿಸಿ ನೋಡಿ. ಹಾಕಲು ಒಪ್ಪದಿದ್ದರೆ ಅಲ್ಲಿಂದ ಹೊರಡಿ. ಶುದ್ಧ ಯೆಲ್ಲೋ ಲ್ಯಾಬ್‌ಗೆ ಕಿತ್ತಳೆ ಛಾಯೆಯಿಲ್ಲದ ನಿಂಬೆ ಹಳದಿ ಮೈ, ಚೂಪು ಮೂತಿ, ಚಿಕ್ಕ ಬಾಯಿ, ಬೆನ್ನಿನ ಈಜುರೆಕ್ಕೆಯಲ್ಲಿ ತುಂಡಾಗದ ಅಚ್ಚಕಪ್ಪು ಪಟ್ಟಿ ಇರುತ್ತವೆ. ಮೊಂಡು ಮೂತಿ, ಅಗಲ ಬಾಯಿ, ಕೆಳಗಿನ ಈಜುರೆಕ್ಕೆಯಲ್ಲಿ ಎದ್ದು ಕಾಣುವ ಮೊಟ್ಟೆಚುಕ್ಕೆಗಳು (ಮೊಟ್ಟೆಯಂತೆ ತೋರುವ ದುಂಡು ಚುಕ್ಕೆಗಳು) ಅನುಮಾನಕ್ಕೆ ಕಾರಣ. ತೀರಾ ಸಣ್ಣ ಮರಿಗಳಲ್ಲಿ ಇದ್ಯಾವುದೂ ನಿಚ್ಚಳವಾಗಿರುವುದಿಲ್ಲವಾದ್ದರಿಂದ ತಾಯಿ ಮೀನು, ತಂದೆ ಮೀನು ಎರಡನ್ನೂ ತೋರಿಸಿ ಎಂದು ಕೇಳುವುದೇ ಸರಿ. ಆಫ್ರಿಕಾದ ಟ್ಯಾಂಗನೀಕಾ ಸರೋವರದ ಬ್ರಿಚಾರ್ಡಿ ಮತ್ತು ಪುಲ್ಕರ್ ಎಂಬ ಸಿಕ್ಲಿಡ್ ಜಾತಿಗಳಲ್ಲಂತೂ ವ್ಯತ್ಯಾಸ ಇನ್ನೂ ಸೂಕ್ಷ್ಮ: ಕಣ್ಣಿನ ಹಿಂದಿನ ಕಪ್ಪು ಗುರುತುಗಳನ್ನು ಹತ್ತಿರದಿಂದ ನೋಡಿಯೇ ಬೇರ್ಪಡಿಸಬೇಕು. ಅವೆರಡನ್ನು ಒಂದೇ ಟ್ಯಾಂಕಿಗೆ ಬಿಡಲೇಬಾರದು.

ನೀರಿನ ವಿಷಯದಲ್ಲಿ ನಮಗೆ ಅಷ್ಟು ಕಷ್ಟವಿಲ್ಲ; ಇಲ್ಲಿನ ಬಹಳಷ್ಟು ಬೋರ್‌ವೆಲ್‌ಗಳ ಗಡಸು ನೀರು ಈ ಮೀನುಗಳಿಗೆ ಒಗ್ಗುತ್ತದೆ, ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟದ ಅಳತೆ) 7.8ರಿಂದ 8.6ರ ಒಳಗಿದ್ದರೆ ಸಾಕು.

ಬೆರಕೆ ಮೀನುಗಳು ಈಗಾಗಲೇ ನಿಮ್ಮ ಮನೆ ಸೇರಿದ್ದರೆ ಅವನ್ನು ಕೊಲ್ಲಬೇಕಿಲ್ಲ, ಅವುಗಳದೇನೂ ತಪ್ಪಿಲ್ಲ. ಆದರೆ ಮರಿಗಳನ್ನು ಯಾರಿಗೂ ಯೆಲ್ಲೋ ಲ್ಯಾಬ್ ಎಂದು ಕೊಡಬೇಡಿ, ಅಂಗಡಿಗೂ ಹಿಂದಿರುಗಿಸಬೇಡಿ. ಕೆರೆಗಂತೂ ಬಿಡಲೇಬೇಡಿ: 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೂಡ ಆಫ್ರಿಕನ್ ಸಿಕ್ಲಿಡ್ಡೇ, ಅದು ನಮ್ಮ ಕೆರೆಗಳನ್ನು ಹೇಗೆ ತುಂಬಿಕೊಂಡಿದೆ ಎಂಬುದು ಗಾಳ ಹಾಕುವವರಿಗೆಲ್ಲ ಗೊತ್ತು. ನಾನು ನನ್ನ ಮೀನುಗಳನ್ನು ಬೇರೆ ಟ್ಯಾಂಕಿನಲ್ಲಿ ಇಟ್ಟುಕೊಂಡಿದ್ದೇನೆ. ಆ ಅಂಗಡಿಯ ಟ್ಯಾಂಕಿನಿಂದ ಹೋದ ಮರಿಗಳು ನಗರದ ಇನ್ನೂ ಹಲವರ ಮನೆಯಲ್ಲಿರಬೇಕು. ನಿಮ್ಮ ಹಳದಿ ಮೀನುಗಳು ತಳಿಗೆ ಬರುವ ಮುನ್ನವೇ ಬೆನ್ನಿನ ಈಜುರೆಕ್ಕೆಯನ್ನು ಒಮ್ಮೆ ಬಿಳಿ ಬೆಳಕಿನಲ್ಲಿ ಪರೀಕ್ಷಿಸಿ.