ಆಲ್ಪ್ಸ್ ಸ್ನೋ ಪ್ಯಾಕೇಜ್ ಅಂತ ಅಡ್ವಾನ್ಸ್ ಕಟ್ಟೋ ಮುಂಚೆ ಇದನ್ನ ಓದಿ

ಅದೇ ಜಾಹೀರಾತು ಈ ಸಲಾನೂ ಓಡಾಡ್ತಿದೆ. ಅದೇ ಫೋಟೋ, ಅದೇ ಚರ್ಚು, ಮರದ ಮನೆ ಸೂರಿನ ಮೇಲೆ ಅದೇ ಎರಡಡಿ ಹಿಮ, ಕೆಳಗೆ ಕನ್ನಡದಲ್ಲೇ "ಕುಟುಂಬ ಸಮೇತ ಬನ್ನಿ, ಸ್ನೋ ಗ್ಯಾರಂಟಿ". ನೋಡಿದ ತಕ್ಷಣ ಮೈಯೆಲ್ಲಾ ಉರೀತು. ಇಷ್ಟು ದಿನ ನಾಚಿಕೆಗೆ ಯಾರ ಹತ್ರಾನೂ ಹೇಳ್ಕೊಂಡಿರಲಿಲ್ಲ. ಮ್ಯೂನಿಕ್, ಸ್ಟುಟ್‌ಗಾರ್ಟ್, ಐಂಡ್‌ಹೋವನ್ ಕಡೆ ಇರೋ ನಮ್ಮೋರು, ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡು ಕ್ರಿಸ್ಮಸ್ ರಜಕ್ಕೆ ಹಿಮ ತೋರಿಸೋಣ ಅಂತಿರೋರು, ದಯವಿಟ್ಟು ಪೂರ್ತಿ ಓದಿ.

ಇದು 2022ರ ಡಿಸೆಂಬರ್ ಕಥೆ. ಅತ್ತೆ ಮಾವ ಮೈಸೂರಿಂದ ಬಂದಿದ್ರು, ಮೈದುನ, ಓರಗಿತ್ತಿ, ಅವರ ಮಕ್ಕಳು ಐಂಡ್‌ಹೋವನ್‌ನಿಂದ ಬರೋರಿದ್ರು. ಆಸ್ಟ್ರಿಯಾದ ಟಿರೋಲ್‌ನಲ್ಲಿ ಒಂದು ಊರು, ಮ್ಯೂನಿಕ್‌ನಿಂದ ಕಾರಲ್ಲಿ ಎರಡು ಗಂಟೆ. ಅಪಾರ್ಟ್‌ಮೆಂಟ್, ಮಕ್ಕಳಿಗೆ ಸ್ಕೀ ಸ್ಕೂಲು, ದೊಡ್ಡೋರಿಗೆ ಸ್ಲೆಡ್ಜ್ ಅಂದ್ರೆ ಹಿಮದ ಮೇಲೆ ಜಾರೋ ಗಾಡಿ, ರಾತ್ರಿ ಬಿಸಿ ಅನ್ನ ಸಾರು. ಆ ಅನ್ನ ಸಾರಿಗೇ ನಮ್ಮತ್ತೆ ಒಪ್ಪಿದ್ದು ಅಂದ್ರೆ ತಪ್ಪಿಲ್ಲ. ಪ್ಯಾಕೇಜ್ ಮಾಡೋನು ನಮ್ಮ ಕಡೆಯವನೇ, ಹೆಸರು ಹೇಳಲ್ಲ. ಮೊದಲನೇ ಫೋನಲ್ಲಿ "ಮೇಡಂ" ಅಂದ, ಮೈಸೂರು ಅಂದ ತಕ್ಷಣ "ಅಕ್ಕ" ಆದೆ. ಅಡ್ವಾನ್ಸ್ 1,900 ಯೂರೋ ಕಳಿಸಿದ ದಿನ "ಅಕ್ಕ ನೀವು ನಮ್ಮನೇವ್ರಿದ್ದಂಗೆ" ಅಂತ ವಾಯ್ಸ್ ಮೆಸೇಜ್ ಬೇರೆ.

ಆ ಡಿಸೆಂಬರ್ ನಡುವೆ ಚಳಿ ಜೋರಾಗೇ ಇತ್ತು, ಮ್ಯೂನಿಕ್‌ನಲ್ಲೇ ಹಿಮ ಬಿದ್ದಿತ್ತು, ನಾವೆಲ್ಲಾ ಖುಷಿಯಾಗಿದ್ವಿ. ಆಮೇಲೆ ಕ್ರಿಸ್ಮಸ್ ಹತ್ರ ಬರ್ತಾ ಬೆಚ್ಚನೆ ಗಾಳಿ, ಮಳೆ, ಎಲ್ಲಾ ಕರಗಿ ಕೆಸರು. ಕ್ರಿಸ್ಮಸ್ ಹೊತ್ತಿಗೆ ಹಿಂಗೆ ಕರಗೋದು ಇಲ್ಲಿಯವರಿಗೆ ಹೊಸದೇನಲ್ಲ, ನಮ್ಮ ಆಫೀಸಲ್ಲಿ ಒಬ್ಬರು ಮೊದಲೇ ಹೇಳಿದ್ರು. ಗಾಬರಿಯಾಗಿ ಅವನಿಗೆ ಮೆಸೇಜ್ ಹಾಕಿದೆ: ಇಲ್ಲಿ ಮಳೆ ಬರ್ತಿದೆ, ಅಲ್ಲಿ ಹೇಗಿದೆ, ಬೇಡ ಅನ್ಸಿದ್ರೆ ಈಗ್ಲೇ ಹೇಳು. ಎರಡು ನೀಲಿ ಟಿಕ್ ಬಂತು, ಉತ್ತರ ಇಲ್ಲ. ಫೋನ್ ಮಾಡಿದ್ರೆ ಕಟ್. 22ನೇ ತಾರೀಖು ಬೆಳಿಗ್ಗೆ ಸ್ಕ್ರೀನ್‌ಶಾಟ್ ಬಂತು. ಹಿಮದ ಆಳ 65 ಸೆಂ.ಮೀ. ಬೆಟ್ಟ ಹತ್ತಿಸೋ ಲಿಫ್ಟು 11ರಲ್ಲಿ 9 ಓಪನ್. 29ನೇ ತಾರೀಖಿನ ಫೋರ್‌ಕಾಸ್ಟಲ್ಲಿ ಹಿಮದ ಚಿತ್ರ. ಜೊತೆಗೆ ಊರಿನ ಒಂದು ಫೋಟೋ, ಪೂರಾ ಬಿಳಿ. ಕೆಳಗೆ: "ಟೆನ್ಷನ್ ತಗೋಬೇಡಿ ಅಕ್ಕ, ಬೆಟ್ಟದ ವೆದರ್ರೇ ಬೇರೆ".

ಸುಳ್ಳು ಅಂತೀರಾ? ಅದೇ ಇರೋದು ಮಜಾ. ಒಂದೂ ಸುಳ್ಳಲ್ಲ. ಫೋಟೋ ಒಂದು ಬಿಟ್ರೆ ಒಂದೂ ಸುಳ್ಳಲ್ಲ. ಅದಕ್ಕೇ ನಂಗೆ ಇನ್ನೂ ಕೋಪ.

28ಕ್ಕೆ ಹೊರಟ್ವಿ. ಬಾಡಿಗೆಗೆ ತಂದ ಸ್ನೋ ಪ್ಯಾಂಟು ಮಕ್ಕಳಿಗೆ ಮನೇಲೇ ಹಾಕಿಸಿದ್ದಾಯ್ತು, ಹೋಗ್ತಿದ್ದಂಗೇ ಇಳಿದು ಆಡ್ಬೇಕಂತೆ. ಬಾರ್ಡರ್ ದಾಟಿದ್ವಿ, ಹಸಿರು. ಇನ್ನೂ ಕೆಳಗಿದೀವಿ ಅಲ್ವಾ ಅಂತ ಸಮಾಧಾನ. ಟನಲ್ ಆದಮೇಲೆ ಬರುತ್ತೆ ಅಂತ ಇವ್ರು, ಟನಲ್ ಆಯ್ತು, ಹಸಿರು. ಮುಂದಿನ ತಿರುವು, ಹಸಿರು. ಕಾರಲ್ಲಿ ಮಾತೇ ನಿಂತುಹೋಯ್ತು. ಊರು ಬಂತು. ಚರ್ಚ್ ಅದೇ, ಫೋಟೋದಲ್ಲಿದ್ದದ್ದೇ, ಸೂರಿಂದ ನೀರು ತೊಟ್ಟಿಕ್ತಾ ಇದೆ. ಸುತ್ತ ಹುಲ್ಲುಗಾವಲು ಕಂದು ಹಸಿರು, ಕಾಲಿಟ್ರೆ ಪಚಕ್ ಅನ್ನುತ್ತೆ. ಗುಡ್ಡದ ಮೇಲಿಂದ ಕೆಳಗಿನ ತನಕ ಒಂದೇ ಒಂದು ಬಿಳಿ ಪಟ್ಟಿ, ಮಷೀನ್ ಹಿಮದ್ದು, ಹೊಲದ ಮಧ್ಯೆ ಯಾರೋ ಪಂಚೆ ಒಣಗಹಾಕಿದಂಗೆ. ಅದರ ಮೇಲೇ ಅಷ್ಟೂ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡು ಜಾರ್ತಾ ಇದಾರೆ.

ನಮ್ಮತ್ತೆ ಕಿಟಕಿ ಇಳಿಸಿ ನೋಡಿ, "ಇದೇ ಹಸಿರು ಮಡಿಕೇರೀಲಿ ಇತ್ತಲ್ಲಮ್ಮ" ಅಂದ್ರು. ಬೈದಿದ್ರೂ ಪರವಾಗಿರಲಿಲ್ಲ. ಓರಗಿತ್ತಿ ಏನೂ ಅನ್ನಲಿಲ್ಲ, ಆದ್ರೆ ಮುಖ ನೋಡಿದ್ರೆ ಗೊತ್ತಾಗಲ್ವಾ.

ಅಲ್ಲಿಂದಲೇ ಫೋನ್ ಮಾಡಿದೆ. ಎತ್ತಿದ.

"ಎಲ್ಲಪ್ಪಾ ಹಿಮ?"

"ಮೇಲಿದೆ ಅಕ್ಕ, ಮೇಲೆ ಹೋಗಿ ನೋಡಿ, 65 ಸೆಂಟಿಮೀಟರ್ ಇದೆ."

"ಮಕ್ಕಳ ಸ್ಕೀ ಸ್ಕೂಲ್ ಮೇಲಿಲ್ವಲ್ಲ?"

"ಇವತ್ತು ರಾತ್ರಿ ಮಷೀನ್ ಹಾಕ್ತಾರೆ ಅಕ್ಕ, ಬೆಳಿಗ್ಗೆ ಎದ್ದು ನೋಡಿ, ಫುಲ್ ವೈಟ್."

ಲಿಫ್ಟ್ ಹತ್ರ ಕೆಲಸ ಮಾಡ್ತಿದ್ದ ವಯಸ್ಸಾದವರೊಬ್ಬರನ್ನ ಇವ್ರು ತಮ್ಮ ಹರಕು ಜರ್ಮನ್‌ನಲ್ಲಿ ಕೇಳಿದ್ರು, ರಾತ್ರಿ ಮಷೀನ್ ಹಾಕ್ತೀರಾ ಅಂತ. ಅವರು ಆಕಾಶ ತೋರಿಸಿ ನಕ್ಕರು. ಮಷೀನ್ ಅಂದ್ರೆ ನೀರನ್ನ ಹನಿ ಮಾಡಿ ಗಾಳಿಗೆ ಉಗುಳೋದು, ಅದು ಗಾಳೀಲೇ ಹೆಪ್ಪುಗಟ್ಟಬೇಕು. ಸುಮಾರು ಮೈನಸ್ 2, ಮೈನಸ್ 3 ಡಿಗ್ರಿ ಇರಬೇಕು, ಗಾಳೀಲಿ ತೇವ ಜಾಸ್ತಿ ಇದ್ರೆ ಇನ್ನೂ ಚಳಿ ಬೇಕು. ಆ ರಾತ್ರಿ ಪ್ಲಸ್ ಆರು, ಮೇಲೆ ತುಂತುರು ಮಳೆ. ಬೆಳಿಗ್ಗೆ ಎದ್ದು ನೋಡಿದ್ರೆ ಪಂಚೆ ಇನ್ನೂ ಕಿರಿದಾಗಿತ್ತು.

ಸ್ಕೀ ಸ್ಕೂಲಿಗೆ ಹೋದ್ರೆ ಬಾಗಿಲಿಗೆ ಚೀಟಿ: ಕೆಳಗಿನ ಮೈದಾನ ಮುಚ್ಚಿದೆ. ಇಲ್ಲಿ ನೋಡಿ, ಇದೇ ನಂಗೆ ಯಾರೂ ಹೇಳದೇ ಇದ್ದ ವಿಷಯ. ಸ್ಕೀ ಗೊತ್ತಿರೋ ಜರ್ಮನ್ನರಿಗೆ ಮೇಲೆ ಹಿಮ ಇದ್ರೆ ಸಾಕು, ಮೇಲೇ ಜಾರಿ ಲಿಫ್ಟಲ್ಲಿ ಇಳಿದು ಬರ್ತಾರೆ. ನಾವು ಹೊಸಬರು. ಹೊಸಬರಿಗೆ ಕಲಿಸೋ ಮೈದಾನ ಎಷ್ಟೋ ಕಡೆ ಊರ ಪಕ್ಕದಲ್ಲೇ, ಕೆಳಗೆ. ಸ್ಲೆಡ್ಜ್ ದಾರಿನೂ ಬಂದು ಮುಗಿಯೋದು ಕೆಳಗೇ. ಮೊದಲು ಕರಗೋದು ಕೆಳಗಿಂದು. ಅಂದ್ರೆ ಆ 65 ಸೆಂಟಿಮೀಟರಲ್ಲಿ ಒಂದು ಸೆಂಟಿಮೀಟರೂ ನಮಗೆ ಉಪಯೋಗಕ್ಕೆ ಬರೋದಲ್ಲ, ಅದು ನಮ್ಮದೇ ಅಲ್ಲ. ಇಂಡಿಯನ್ ಫ್ಯಾಮಿಲಿಗಳಿಗೇ ಅಂತ ಪ್ಯಾಕೇಜ್ ಮಾಡೋನಿಗೆ ಇದು ಗೊತ್ತಿರಲ್ವಾ? ಗೊತ್ತಿರಲ್ವಾ?

ರಾತ್ರಿ ಕೂತು ಅವನು ಕಳಿಸಿದ್ದ ಸ್ಕ್ರೀನ್‌ಶಾಟ್ ಪಕ್ಕ ಅದೇ ಊರಿನ ಹಿಮದ ರಿಪೋರ್ಟ್ ತೆಗೆದಿಟ್ಟು ನೋಡಿದೆ. ರಿಪೋರ್ಟಲ್ಲಿ ಎರಡು ಸಾಲು ಇರುತ್ತೆ, ಬೆಟ್ಟದ ತುದೀದು ಒಂದು, ಕಣಿವೇದು ಒಂದು. ಅವನು ಕಳಿಸಿದ್ದು ಮೇಲಿನ ಸಾಲಿನ ತನಕ ಮಾತ್ರ, ಕೆಳಗಿಂದು ಕತ್ತರಿಸಿದ್ದ. ಕತ್ತರಿಸಿದ್ದ! ತುದಿ ಇರೋದು 1,900 ಮೀಟರಲ್ಲಿ, ನಾವು ಉಳ್ಕೊಂಡ ಊರು 800 ಮೀಟರಲ್ಲಿ. ಸಾವಿರ ಮೀಟರ್ ಇಳಿದ್ರೆ ಸಾಮಾನ್ಯವಾಗಿ ಆರು ಆರೂವರೆ ಡಿಗ್ರಿ ಬಿಸಿ ಜಾಸ್ತಿ. ಫೋರ್‌ಕಾಸ್ಟೂ ಹಂಗೇ, ಆ ಹಿಮದ ಚಿತ್ರ ಇದ್ದದ್ದು ತುದಿಗೆ, ಅದೇ ಮೋಡ ಕೆಳಗೆ ಬರೋ ಹೊತ್ತಿಗೆ ಮಳೆ. ಸೊನ್ನೆ ಡಿಗ್ರಿ ಯಾವ ಎತ್ತರದಲ್ಲಿದೆ ಅಂತ ಇಲ್ಲಿನ ಹವಾಮಾನ ವರದಿಗಳಲ್ಲಿ ಹೇಳ್ತಾರೆ, ಅದಕ್ಕಿಂತ ಇನ್ನೂರು ಮುನ್ನೂರು ಮೀಟರ್ ಕೆಳಗಿನ ತನಕ ಹಿಮವಾಗಿ ಬೀಳಬಹುದು, ಅಲ್ಲಿಂದ ಕೆಳಗೆ ಛತ್ರಿ ಹಿಡ್ಕೊಳ್ಳೋದೇ. ಮೇಲಾಗಿ ಅದು ಒಂದು ವಾರ ಮುಂಚೆ ತೋರಿಸಿದ ಚಿತ್ರ, ನಾಲ್ಕೈದು ದಿನ ಆಚೆಗಿನ ಹಿಮದ ಚಿತ್ರ ನಂಬಿ ಯಾರಾದ್ರೂ ದುಡ್ಡು ಕಟ್ತಾರಾ ಅಂತ ಆಮೇಲೆ ಅದೇ ಆಫೀಸಿನವರು ಕೇಳಿದ್ರು, ನಾನು ಸುಮ್ನೆ ಕಾಫಿ ಕುಡಿದೆ.

ಇನ್ನು "11ರಲ್ಲಿ 9 ಲಿಫ್ಟು ಓಪನ್". ಹೌದು ಓಡ್ತಾ ಇತ್ತು. ಖಾಲಿ ಗಂಡೋಲಾ, ಅಂದ್ರೆ ಕೇಬಲ್ಲಲ್ಲಿ ತೂಗ್ತಾ ಹೋಗೋ ಡಬ್ಬಿ, ನಡೆದಾಡೋರಿಗೆ, ಮೇಲೆ ಹೋಗಿ ಸೂಪ್ ಕುಡಿದು ಬರೋರಿಗೆ. ಲಿಫ್ಟ್ ಓಡೋದೇ ಬೇರೆ, ಜಾರೋ ದಾರಿ ತೆರೆದಿರೋದೇ ಬೇರೆ. ಎಷ್ಟು ಕಿಲೋಮೀಟರ್ ದಾರಿ ತೆರೆದಿದೆ ಅನ್ನೋ ಸಾಲೂ ರಿಪೋರ್ಟಲ್ಲಿತ್ತು. ಅದನ್ನೂ ಕತ್ತರಿಸಿದ್ದ.

ಫೋಟೋ ವಿಷಯ. ಅಲ್ಲಿನ ವೆಬ್‌ಕ್ಯಾಮ್ ಚಿತ್ರದಲ್ಲಿ ಮೂಲೇಲಿ ದಿನಾಂಕ, ಟೈಮು ಇತ್ತು, ಇವನು ಕಳಿಸಿದ್ರಲ್ಲಿ ಮೂಲೇನೇ ಇಲ್ಲ. ಚರ್ಚ್ ಪಕ್ಕ ಹೊಸ ಕಟ್ಟಡ ಒಂದು ಎದ್ದಿದೆ, ಫೋಟೋದಲ್ಲಿ ಅಲ್ಲಿ ಖಾಲಿ ಜಾಗ. ಯಾವ ಕಾಲದ ಫೋಟೋನೋ ಏನೋ.

ಎಲ್ಲಾ ಬರೆದು ಕಳಿಸಿದೆ, ದುಡ್ಡು ವಾಪಸ್ ಕೊಡು, ಸ್ನೋ ಗ್ಯಾರಂಟಿ ಅಂದಿದ್ದೆ ಅಲ್ವಾ ಅಂತ. ಬಂದ ಉತ್ತರ ಹಾಗೇ ಹಾಕ್ತೀನಿ:

"ಮೇಡಂ, ಪ್ರಕೃತಿ ನಮ್ ಕೈಲಿಲ್ಲ."

ಮತ್ತೆ ಮೇಡಂ. ಅಕ್ಕ ಹೋದ್ಲು.

"ಮೇಡಂ, ಟರ್ಮ್ಸ್ ಓದಿ. ಏರಿಯಾದಲ್ಲಿ ಒಂದು ಲಿಫ್ಟ್ ಓಡ್ತಿದ್ರೂ ಗ್ಯಾರಂಟಿ ಅಪ್ಲೈ ಆಗಲ್ಲ."

ಇತ್ತು. ಜರ್ಮನ್‌ನಲ್ಲಿ, ಮೂರನೇ ಪುಟದಲ್ಲಿ, ಇರುವೆ ಸಾಲಿನಷ್ಟು ಅಕ್ಷರದಲ್ಲಿ. ಜಾಹೀರಾತು ಮಾತ್ರ ಕನ್ನಡದಲ್ಲಿ, ಷರತ್ತು ಜರ್ಮನ್‌ನಲ್ಲಿ. ಒಂದು ಗಂಡೋಲಾ ಓಡಿದ್ರೆ ಗ್ಯಾರಂಟಿ ಮುಗೀತು, ಅದು ಓಡೋದು ಸೂಪ್ ಕುಡಿಯೋರಿಗೇ ಆಗಿರಲಿ.

"ಬೇಕಾದ್ರೆ ಹಿಂಟರ್‌ಟುಕ್ಸ್‌ಗೆ ವ್ಯಾನ್ ಅರೇಂಜ್ ಮಾಡ್ತೀನಿ ಮೇಡಂ, ತಲಾ 95, ಪಾಸ್ ಬೇರೆ."

ಅಲ್ಲಾ ಸ್ವಾಮಿ, ಹಿಂಟರ್‌ಟುಕ್ಸ್‌ನಲ್ಲಿ ಹಿಮ ಇರುತ್ತೆ ಅಂತ ನಿಂಗೆ ಗೊತ್ತಿತ್ತು ತಾನೆ? ಅದು ಹಿಮನದಿ ಮೇಲಿರೋ ಜಾಗ, 3,250 ಮೀಟರ್ ತನಕ ಹೋಗುತ್ತೆ, ಅಲ್ಲಿ ವರ್ಷ ಪೂರ್ತಿ ಸ್ಕೀ ನಡೆಯುತ್ತೆ. ಬಿಪಿ ಇರೋ ನಮ್ಮ ಮಾವನ್ನ ಅಷ್ಟು ಎತ್ತರಕ್ಕೆ ಹತ್ತಿಸ್ಲಾ? ಹೋಗಲಿಲ್ಲ. ಮಕ್ಕಳು ಸ್ನೋ ಪ್ಯಾಂಟ್ ಹಾಕ್ಕೊಂಡು ಅಪಾರ್ಟ್‌ಮೆಂಟಲ್ಲಿ ಕೇರಂ ಆಡಿದ್ವು. ಅನ್ನ ಸಾರು ಮಾತ್ರ ಬಂತು, ಸಾರಿಗೆ ಹುಳಿ ಇರಲಿಲ್ಲ ಅಂತ ಅತ್ತೆ.

ನ್ಯಾಯವಾಗಿ ಹೇಳ್ಬೇಕಂದ್ರೆ ಆ ವರ್ಷ ಎಲ್ಲಾ ಕಡೆನೂ ಹಂಗೇ ಇತ್ತು. 31ಕ್ಕೆ ನಮ್ಮ ಬವೇರಿಯಾದಲ್ಲೇ 20 ಡಿಗ್ರಿ ದಾಟಿತ್ತು. 2023ರ ಜನವರಿ 1ಕ್ಕೆ ಸ್ವಿಟ್ಜರ್ಲೆಂಡಿನ ಡೆಲೆಮೋಂಟ್‌ನಲ್ಲಿ 20.2, ಆ ದೇಶದಲ್ಲಿ ಆಲ್ಪ್ಸ್‌ಗೆ ಉತ್ತರದ ಕಡೆ ಜನವರೀಲಿ 20 ದಾಟಿದ್ದು ಅದೇ ಮೊದಲಂತೆ. ಅಲ್ಲೇ ಅಡೆಲ್‌ಬೋಡೆನ್‌ನ ಸ್ಕೀ ವರ್ಲ್ಡ್ ಕಪ್ ರೇಸ್ ಹಸಿರು ಗುಡ್ಡದ ಮಧ್ಯೆ ಮಷೀನ್ ಹಿಮದ ಪಟ್ಟಿ ಮೇಲೆ ನಡೀತು, ಗ್ಸ್ಟಾಡ್ ಕಡೆ ಹೆಲಿಕಾಪ್ಟರಲ್ಲಿ ಹಿಮ ತಂದು ಸುರಿದ್ರು, ಪೇಪರಲ್ಲೆಲ್ಲಾ ಬಂತು. ಆದ್ದರಿಂದ ಹವಾಮಾನದ ಮೇಲೆ ನಂಗೆ ಸಿಟ್ಟಿಲ್ಲ. ಅದು ಯಾರ ಕೈಲೂ ಇಲ್ಲ, ಒಪ್ಪಿದೆ. ಕತ್ತರಿ ಯಾರ ಕೈಲಿತ್ತು? ನನ್ನ ಸಿಟ್ಟು ಆ ಕತ್ತರಿ ಮೇಲೆ.

ಇದು ನಮ್ಮವನೊಬ್ಬನ ಬುದ್ಧಿ ಅಂತಲೂ ಅಲ್ಲ. ಅಮೆರಿಕಾ ಕಡೆ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದ್ರಂತೆ, ಸ್ಕೀ ರೆಸಾರ್ಟ್‌ಗಳ ರಿಪೋರ್ಟ್ ಪ್ರಕಾರ ವೀಕೆಂಡಲ್ಲಿ 23 ಪರ್ಸೆಂಟ್ ಜಾಸ್ತಿ ಹೊಸ ಹಿಮ ಬೀಳುತ್ತಂತೆ. ಮೋಡಕ್ಕೆ ಶನಿವಾರ ಭಾನುವಾರ ಗೊತ್ತಾಗುತ್ತೆ ಪಾಪ.

ಹೊಸಬರನ್ನ ಕರ್ಕೊಂಡು ಹೋಗೋರು ಎರಡೇ ಪ್ರಶ್ನೆ ಕೇಳಿ: ಇದು ಯಾವ ಎತ್ತರದ ಲೆಕ್ಕ? ಸ್ಕೀ ಸ್ಕೂಲ್ ಮೈದಾನ ಎಷ್ಟು ಮೀಟರಲ್ಲಿದೆ? ಉತ್ತರ ಬರಲಿಲ್ಲ ಅಂದ್ರೆ ಅಲ್ಲಿಗೇ ಬಿಡಿ. ಊರಿನ ಹೆಸರು ದೊಡ್ಡದು ಅಂತ ನಂಬಬೇಡಿ, ಕಿಟ್ಸ್‌ಬ್ಯೂಲ್ ಅಷ್ಟು ಹೆಸರುವಾಸಿ, ಊರಿರೋದು 760 ಮೀಟರ್ ಚಿಲ್ಲರೇಲಿ. ಓಬರ್‌ಗುರ್ಗ್ಲ್ 1,900ರ ಮೇಲೆ, ಫ್ರಾನ್ಸಿನ ವಾಲ್ ಥೊರಾನ್ಸ್ 2,300, ಅಲ್ಲೆಲ್ಲಾ ರೇಟು ಜಾಸ್ತಿ ಯಾಕೆ ಅಂತ ಈಗ ಅರ್ಥ ಆಗ್ತಿದೆ. ಸ್ಕ್ರೀನ್‌ಶಾಟ್ ನೋಡ್ಲೇಬೇಡಿ, ಬೆರ್ಗ್‌ಫೆಕ್ಸ್ ಥರದ ಆ್ಯಪಲ್ಲಿ ಬೆಟ್ಟ, ಕಣಿವೆ ಎರಡೂ ಸಾಲು ನೀವೇ ನೋಡಿ, ವೆಬ್‌ಕ್ಯಾಮ್ ನೀವೇ ತೆಗೀರಿ, ಟೈಮ್ ನೋಡಿ. ಟಿರೋಲ್, ಇಟಲಿ ಕಡೆಯ ದಕ್ಷಿಣ ಟಿರೋಲ್, ಟ್ರೆಂಟಿನೋ ಮೂರೂ ಸೇರಿ ಹಿಮಕುಸಿತದ ಬುಲೆಟಿನ್ ಒಂದನ್ನ ಚಳಿಗಾಲದಲ್ಲಿ ದಿನಾ ಸಂಜೆ 5ಕ್ಕೆ ಹಾಕ್ತಾರೆ, ಇಂಗ್ಲಿಷಲ್ಲೂ ಇದೆ, ಯಾವ ಎತ್ತರದಲ್ಲಿ ಹಿಮದ ಸ್ಥಿತಿ ಏನು ಅಂತ ಅದ್ರಲ್ಲಿರುತ್ತೆ, ಅವರಿಗೆ ನಿಮಗೆ ರೂಮ್ ಮಾರೋ ಉಸಾಬರಿ ಇಲ್ಲ. ಮತ್ತೆ "ನಮ್ಮನೇವ್ರಿದ್ದಂಗೆ" ಅಂದ್ರೆ ಎದ್ದು ಬನ್ನಿ.

ಕೊನೆಗೆ ನಮಗೆ ಸಿಕ್ಕಿದ್ದು ಬೇಸಿಗೆ ಪ್ಯಾಕೇಜಿಗೆ 50 ಯೂರೋ ಕೂಪನ್ನು. ಹಸಿರು ನೋಡೋಕೆ.

ಈಗಾಗ್ಲೇ ದುಡ್ಡು ಕಟ್ಟಿಬಿಟ್ಟಿರೋರು ಇವತ್ತೇ ಷರತ್ತಿನ ಕಾಗದ ತೆಗೆದು ಕ್ಯಾನ್ಸಲ್ ಮಾಡೋಕೆ ಕೊನೇ ದಿನ ಯಾವ್ದು ಅಂತ ನೋಡಿ, ಫೋನಲ್ಲಿ ಕೇಳಬೇಡಿ, ಇಮೇಲ್ ಹಾಕಿ. ನಮ್ದು ಏಳು ದಿನ ಮುಂಚೆ ಹೇಳಿದ್ರೆ ಅರ್ಧ ದುಡ್ಡು ವಾಪಸ್ ಅಂತಿತ್ತು, ಅಂದ್ರೆ 21ನೇ ತಾರೀಖು ಕೊನೆ. ಅವನು ಉತ್ತರ ಕೊಟ್ಟಿದ್ದು 22ಕ್ಕೆ.